ದೂರದ ಕಡಲಿಗೆ ಇಳಿಯುವ ಮುನ್ನ

ಹಾಯಿದೋಣಿಯಲ್ಲಿ ಸಾಗರ ದಾಟುವ ಆಸೆಯೇ? ಮೊದಲು ಅದರ ಸ್ಥಿರತೆಯ ದಾಖಲೆ ಕೇಳಿ. 1979ರ ಫಾಸ್ಟ್‌ನೆಟ್ ರೇಸ್‌ನಲ್ಲಿ ಬಿರುಗಾಳಿಗೆ ಹಲವು ದೋಣಿಗಳು ಮಗುಚಿದವು. 15 ಸ್ಪರ್ಧಿಗಳು ಪ್ರಾಣ ಕಳೆದುಕೊಂಡರು. ದೋಣಿ ಗಟ್ಟಿಯಾಗಿದೆ ಎಂಬ ಬಾಯಿಮಾತು ಸಾಲದು, ಲೆಕ್ಕ ಬೇಕು.

ಐಎಸ್‌ಒ 12217-2 ಮಾನದಂಡದಲ್ಲಿ ಮಹಾಸಾಗರಕ್ಕೆ ತಕ್ಕ ‘ಎ’ ವರ್ಗ ಸಿಗಲು ಸ್ಟಿಕ್ಸ್ ಎಂಬ ಸ್ಥಿರತಾ ಸೂಚ್ಯಂಕ ಕನಿಷ್ಠ 32 ಇರಬೇಕು. ಕನಿಷ್ಠ 100 ಡಿಗ್ರಿವರೆಗೆ ವಾಲಿದರೂ ದೋಣಿ ತಾನಾಗಿ ಮೇಲೇಳಬೇಕು. ಹಗುರ ದೋಣಿಗೆ ಈ ಮಿತಿ ಇನ್ನೂ ಹೆಚ್ಚು.

ಈ ಲೆಕ್ಕಕ್ಕೆ ಬೇಕಾದ ವಾಲಿಸುವ ಪರೀಕ್ಷೆಯನ್ನು ಗಾಳಿ, ಅಲೆ ಇಲ್ಲದ ಹೊತ್ತಿನಲ್ಲಿ ಮಾಡಿಸಿ. ಕಟ್ಟಿದ ಹಗ್ಗ ಸಡಿಲವಿರಲಿ. ಟ್ಯಾಂಕುಗಳು ಪೂರ್ತಿ ತುಂಬಿರಲಿ, ಇಲ್ಲವೇ ಪೂರ್ತಿ ಖಾಲಿ ಇರಲಿ. ಅರೆತುಂಬಿದ ನೀರು ಸರಿದಾಡಿ ಲೆಕ್ಕ ಕೆಡಿಸುತ್ತದೆ. ಗೊತ್ತಾದ ತೂಕವನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಸರಿಸಿ, ತೂಗುಗುಂಡು ಎಷ್ಟು ಜರುಗಿತೆಂದು ಅಳೆಯುತ್ತಾರೆ. ಗುರುತ್ವ ಕೇಂದ್ರದ ಎತ್ತರ ತಿಳಿಯುವುದು ಇದರಿಂದಲೇ.

ಆಮೇಲೆ ಕೂವೆಮರಕ್ಕೆ ರಾಡಾರ್ ಏರಿಸಿದರೂ, ಕೀಲ್ ಬದಲಿಸಿದರೂ ಹಳೆಯ ಪ್ರಮಾಣಪತ್ರವನ್ನೇ ನೆಚ್ಚಬೇಡಿ. ವಿನ್ಯಾಸಕಾರರಿಂದ ಮತ್ತೆ ಲೆಕ್ಕ ಹಾಕಿಸಿ. ಖರ್ಚಿಗೆ ಹಿಂಜರಿಯಬೇಡಿ. ನಿಮ್ಮನ್ನು ನಂಬಿ ದೋಣಿ ಹತ್ತಿದವರ ಜೀವದ ಹೊಣೆ ನಿಮ್ಮದು.