ಕಲೆ ಇರುವುದು ಹಾಲ್‌ನಲ್ಲಿ, ಸೋರುತ್ತಿರುವುದು ಎಲ್ಲಿ?

ನಮ್ಮ ಮನೆಯ ಹಾಲ್‌ನ ಚಾವಣಿಯಲ್ಲಿ, ಫ್ಯಾನಿನ ಪಕ್ಕ, ಒಂದು ಮಳೆಗಾಲದಲ್ಲಿ ಅಂಗೈಯಗಲದ ಹಳದಿ ಕಲೆ ಎದ್ದಿತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೆರೆದೆ, ಪುಟ್ಟಿ ಮೆತ್ತಿದೆ, ತೇವ ತಡೆಯುತ್ತದಂತೆ ಎಂದು ದುಬಾರಿ ಬಣ್ಣ ತಂದು ಎರಡು ಕೈ ಹೊಡೆದೆ. ಗಣೇಶನ ಹಬ್ಬದ ಹೊತ್ತಿಗೆ ಆ ಬಣ್ಣ ಹಪ್ಪಳದಂತೆ ಉಬ್ಬಿ, ಬೆರಳು ತಾಗಿದರೆ ಪುಡಿಯಾಗಿ ಉದುರುತ್ತಿತ್ತು. ಆಮೇಲೆ ಗೊತ್ತಾಯಿತು: ನೀರು ಇಳಿಯುತ್ತಿದ್ದುದು ಕಲೆಯಿಂದ ಎಂಟು ಅಡಿ ಆಚೆ, ಡಿಶ್ ಆಂಟೆನಾ ಕೂರಿಸಲು ತಾರಸಿಗೆ ಹೊಡೆದಿದ್ದ ಬೋಲ್ಟಿನ ತೂತಿನಿಂದ. ಅಲ್ಲಿಂದ ಗಾರೆಯ ಅಡಿಯಲ್ಲೇ ಹರಿದು, ಫ್ಯಾನಿನ ವೈರಿಂಗ್ ಪೈಪ್ ಸಿಕ್ಕಿದ ಕಡೆ ಕೆಳಗೆ ಬಂದಿತ್ತು.

ಹಾಗಾಗಿ ಮೊದಲು ಹೇಳುವುದು ಇದು: ಚಾವಣಿಗೆ ಕೈ ಹಚ್ಚಬೇಡಿ. ಏಣಿ ಹತ್ತಿ ಮೇಲೆ ಹೋಗಿ.

ಕೆಲಸಕ್ಕೆ ಏಪ್ರಿಲ್ ಒಳ್ಳೆಯ ತಿಂಗಳು. ಮುಂಗಾರು ನಮ್ಮ ಕರಾವಳಿ ಮುಟ್ಟುವುದು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಾದರೂ, ಬಯಲುಸೀಮೆಯಲ್ಲಿ ಭರಣಿ, ಕೃತ್ತಿಕಾ ಮಳೆಗಳು ಅದಕ್ಕೆ ಮುಂಚೆಯೇ ಗುಡುಗಿಕೊಂಡು ಬರುತ್ತವೆ. ಕೈಕೆಲಸ ಮೂರು-ನಾಲ್ಕು ದಿನದ್ದಷ್ಟೇ. ನೀರು ಕುಡಿಸಿ, ಒಣಗಿಸುವುದಕ್ಕೆ ಇನ್ನೊಂದು ಹತ್ತು ದಿನ ಹಿಡಿಯುತ್ತದೆ.

ಮೊದಲು ಪೊರಕೆ

ತಾರಸಿಯನ್ನು ಮೂಲೆ ಮೂಲೆ ಗುಡಿಸಿ, ನೀರು ಹೊರಹೋಗುವ ಪೈಪಿನ ಬಾಯಿಗೆ ಕೈ ಹಾಕಿ ನೋಡಿ. ಹೊಂಗೆ ಹೂವು, ಪಾರಿವಾಳದ ಗರಿ, ಬಟ್ಟೆ ಒಣಹಾಕುವ ಕ್ಲಿಪ್ಪು, ಮಕ್ಕಳ ಚೆಂಡು, ಏನು ಬೇಕಾದರೂ ಸಿಗಬಹುದು. 1,000 ಚದರ ಅಡಿಯ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 930 ಲೀಟರ್ ನೀರು. ಪೈಪ್ ಕಟ್ಟಿಕೊಂಡಿದ್ದರೆ ಅಷ್ಟೂ ಅಲ್ಲೇ ನಿಂತು ದಾರಿ ಹುಡುಕುತ್ತದೆ. ಪೈಪ್ ಬಿಡಿಸಿದ್ದಕ್ಕೇ ಸೋರಿಕೆ ನಿಂತ ಮನೆಗಳನ್ನು ನೋಡಿದ್ದೇನೆ. ಬಾಯಿಗೆ ಒಂದು ಜಾಲರಿ ಮುಚ್ಚಳ ಹಾಕಿಬಿಡಿ.

ಪಾಚಿ ಇದ್ದರೆ ಬ್ಲೀಚಿಂಗ್ ಪೌಡರ್ ನೀರು ಚೆಲ್ಲಿ, ಸ್ವಲ್ಪ ಹೊತ್ತು ಬಿಟ್ಟು, ಗಡುಸು ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಟಾಯ್ಲೆಟ್ ತೊಳೆಯುವ ಆಸಿಡ್ ಬೇಡ. ಅದು ಸಿಮೆಂಟನ್ನೇ ತಿನ್ನುತ್ತದೆ, ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ.

ಇನ್ನೊಂದು ಅನುಮಾನವನ್ನೂ ಈಗಲೇ ತೀರಿಸಿಕೊಳ್ಳಿ. ಮಳೆಯಿಲ್ಲದ ದಿನಗಳಲ್ಲೂ ಕಲೆ ಒದ್ದೆಯಾಗಿದ್ದರೆ ತಪ್ಪು ತಾರಸಿಯದ್ದಲ್ಲ. ಓವರ್‌ಹೆಡ್ ಟ್ಯಾಂಕಿನ ಪೈಪ್ ಅಥವಾ ಮೇಲಿನ ಮಹಡಿಯ ಬಚ್ಚಲನ್ನು ನೋಡಿಸಿ.

ಬಿರುಕು ತಾನೇ ತೋರಿಸಿಕೊಳ್ಳುತ್ತದೆ

ಒಣ ನೆಲದ ಮೇಲೆ ಕೂದಲೆಳೆಯ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಏಳಕ್ಕೆ ನಾಲ್ಕಾರು ಬಕೆಟ್ ನೀರು ಚೆಲ್ಲಿ, ಕಾಫಿ ಕುಡಿದು ಮೇಲೆ ಬನ್ನಿ. ನೆಲ ಆರುತ್ತಾ ಬೆಳ್ಳಗಾಗುವಾಗ ಬಿರುಕುಗಳು ಮಾತ್ರ ನೀರು ಹಿಡಿದುಕೊಂಡು ಕಪ್ಪು ಗೆರೆಗಳಾಗಿ ನಿಂತಿರುತ್ತವೆ. ಹತ್ತು ನಿಮಿಷದಲ್ಲಿ ಅವೂ ಮಾಯ. ಅಷ್ಟರೊಳಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನೀರು ಮಡುವಾಗಿ ನಿಲ್ಲುವ ತಗ್ಗುಗಳನ್ನೂ ಆಗಲೇ ಸುತ್ತುಗಟ್ಟಿ. ಹತ್ತು ಅಡಿಗೆ ಒಂದೂಕಾಲು ಇಂಚಿನಷ್ಟಾದರೂ ಇಳಿಜಾರು ಇದ್ದರೆ ನೀರು ನಿಲ್ಲದೆ ಪೈಪಿನ ಕಡೆ ಓಡುತ್ತದೆ.

ಬಲೆಯಂತೆ ಹರಡಿದ ಸಣ್ಣ ಬಿರುಕುಗಳು ಗಾರೆಯ ಮೇಲ್ಮೈಯವು. ಕೊನೆಯಲ್ಲಿ ಬಳಿಯುವ ಕೋಟಿಂಗೇ ಅವಕ್ಕೆ ಸಾಕು. ನೇರ ಗೆರೆಯಲ್ಲಿ ಉದ್ದಕ್ಕೆ ಓಡುವ, ಉಗುರು ಸಿಕ್ಕಿಕೊಳ್ಳುವಷ್ಟು ಅಗಲದವುಗಳನ್ನು ಬಿಡಿಸಲೇಬೇಕು. ಮೇಲೆ ಸಿಮೆಂಟ್ ಹಾಲು ಸುರಿದು ಮುಚ್ಚಿದರೆ ಮುಂದಿನ ಬೇಸಿಗೆಗೆ ಅದೇ ಗೆರೆ ಬಾಯಿ ಬಿಡುತ್ತದೆ. ಚಾಣ, ಸುತ್ತಿಗೆಯಿಂದ ಬಿರುಕಿನುದ್ದಕ್ಕೂ ಅರ್ಧ ಇಂಚು ಅಗಲ, ಅಷ್ಟೇ ಆಳದ ಕಾಲುವೆ ತೋಡಿ. ಕಣ್ಣಿಗೆ ಕನ್ನಡಕ ಇರಲಿ. ಪುಡಿಯನ್ನು ಪೂರ್ತಿ ತೆಗೆದು ನೀರು ಚಿಮುಕಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹಾಲಿನಂಥ ಲೇಟೆಕ್ಸ್ ದ್ರವಕ್ಕೆ ಸಿಮೆಂಟ್ ಕಲಸಿ ಕಾಲುವೆಯ ಒಳಮೈಗೆ ಬಳಿಯಿರಿ. ಅದು ಇನ್ನೂ ಜಿಗುಟಾಗಿರುವಾಗಲೇ ಒಂದು ಪಾಲು ಸಿಮೆಂಟ್, ಮೂರು ಪಾಲು ಜರಡಿ ಹಿಡಿದ ಮರಳಿಗೆ ಅದೇ ದ್ರವ ಬೆರೆಸಿದ ಗಾರೆಯನ್ನು ಒತ್ತಿ ತುಂಬಿ. ದ್ರವದ ಅಳತೆ ಡಬ್ಬಿಯ ಮೇಲೆ ಇರುತ್ತದೆ. ಕೈ ಅಂದಾಜು ಬೇಡ.

ಕಟ್ಟಡ ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ತಾನೂ ತೆರೆದು ಮುಚ್ಚುವ ಬಿರುಕಿಗೆ ಸಿಮೆಂಟ್ ನಿಲ್ಲುವುದಿಲ್ಲ. ಒಮ್ಮೆ ಮುಚ್ಚಿದ್ದು ಮತ್ತೆ ಬಿಟ್ಟಿದ್ದರೆ ಅದು ಆ ಜಾತಿಯದ್ದೆಂದು ತಿಳಿಯಿರಿ. ಅದಕ್ಕೆ ರಬ್ಬರಿನಂತೆ ಎಳೆದಾಡುವ ಪಾಲಿಯುರೆಥೇನ್ ಸೀಲೆಂಟ್ ಬೇಕು.

ಬಿರುಕಿನಲ್ಲಿ ಅರಳಿ ಸಸಿ ಹುಟ್ಟಿದ್ದರೆ ಕತ್ತರಿಸಿದರೆ ಸಾಲದು, ಮತ್ತೆ ಚಿಗುರುತ್ತದೆ. ಕಾಲುವೆ ತೋಡಿ ಬೇರು ಸಮೇತ ಬಿಡಿಸಿ. ಅರಳಿಯನ್ನು ಕಿತ್ತೆಸೆಯಲು ಮನಸ್ಸು ಒಪ್ಪದಿದ್ದರೆ ಒಂದು ಕುಂಡಕ್ಕೆ ನೆಟ್ಟು, ಜಾಗವಿರುವ ಕಡೆ ಕೊಡಿ.

ಮೂಲೆ, ಪೈಪಿನ ಕೊರಳು

ಬಯಲಿಗಿಂತ ಹೆಚ್ಚು ಸೋರುವುದು ಸಂದಿಗಳಲ್ಲೇ. ತಾರಸಿಯ ನೆಲ ಬೇರೆ, ಪ್ಯಾರಾಪೆಟ್ ಗೋಡೆ ಬೇರೆ. ಎರಡೂ ಕೂಡುವ ಜಾಗದಲ್ಲಿ ಗಾರೆ ಬಿಟ್ಟುಕೊಂಡಿರುತ್ತದೆ. ಅಲ್ಲಿನ ಸಡಿಲ ಗಾರೆ ಉದುರಿಸಿ, ಮೂಲೆ ಕಾಣದಂತೆ ಎರಡು-ಮೂರು ಇಂಚಿನ ಇಳಿಜಾರು ಕಟ್ಟಿ; ಖಾಲಿ ಬಾಟಲಿಯನ್ನು ಮಲಗಿಸಿ ಎಳೆದರೆ ಒಳಬಾಗಿದ ಚಂದದ ಗೋಲ ಬರುತ್ತದೆ. ಪೈಪಿನ ಸುತ್ತಲೂ ಹೀಗೆಯೇ. ಬೇಡದ ಬೋಲ್ಟುಗಳನ್ನು ಕಿತ್ತು ತೂತು ತುಂಬಿ.

ಹೊಸ ಗಾರೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಏಳು ದಿನ ಒಣಗಲು ಬಿಡಬೇಡಿ. ಏಪ್ರಿಲ್ ಬಿಸಿಲಿಗೆ ದಿನಕ್ಕೆ ಮೂರು ಸಲ ನೀರು ಬೇಕು. ಮೇಸ್ತ್ರಿ ಕಡೆಯವರೂ ಎರಡನೇ ದಿನಕ್ಕೇ ಮರೆಯುವ ಕೆಲಸ ಇದು.

ಆಮೇಲೆ ಪೂರ್ತಿ ಒಣಗಬೇಕು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಸಂಜೆಯಿಂದ ಮರುದಿನ ಬೆಳಗಿನವರೆಗೆ ಬಿಡಿ. ಅಡಿಯಲ್ಲಿ ಬೆವರಿನಂತೆ ಹನಿ ಕಂಡರೆ ಇನ್ನೆರಡು ದಿನ ಕಾಯಿರಿ. ಅವಸರಪಟ್ಟು ಬಳಿದರೆ ಕೋಟಿಂಗ್ ಗುಳ್ಳೆಯೇಳುತ್ತದೆ.

ಬಳಿಯುವುದು ಸುಲಭದ ಭಾಗ. ತಾರಸಿಗೆಂದೇ ಬರುವ ಅಕ್ರಿಲಿಕ್ ಕೋಟಿಂಗ್ ತನ್ನಿ, ಗೋಡೆಯ ಬಣ್ಣವಲ್ಲ. ಮೊದಲ ಕೈ ಡಬ್ಬಿಯಲ್ಲಿ ಹೇಳಿದಷ್ಟು ನೀರು ಬೆರೆಸಿ. ಎರಡನೆಯದು ಗಟ್ಟಿ, ಅದು ಹಸಿಯಿರುವಾಗಲೇ ತುಂಬಿದ ಬಿರುಕು, ಗೋಲಗಳ ಮೇಲೆ ಫೈಬರ್ ಬಲೆಯ ಪಟ್ಟಿ ಒತ್ತಿ. ಅದು ಒಣಗಿದ ಮೇಲೆ ಮೂರನೆಯದನ್ನು ಅಡ್ಡಡ್ಡ ಎಳೆಯಿರಿ. ಗೋಡೆಯ ಮೇಲೂ ಒಂದು ಅಡಿ ಏರಿಸಿ. ನಡು ಮಧ್ಯಾಹ್ನ ಬೇಡ, ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗೇ ಉಳಿಯುತ್ತದೆ. ಬಿಳಿ ಬಣ್ಣವನ್ನೇ ಆರಿಸಿದರೆ ಕೆಳಗಿನ ಕೋಣೆಯ ಸೆಕೆಯೂ ತಗ್ಗುತ್ತದೆ.

ಒಂದು ವಾರ ಬಿಟ್ಟು ಪೈಪಿನ ಬಾಯಿ ಮುಚ್ಚಿ, ಅನುಮಾನದ ಜಾಗದಲ್ಲಿ ಒಂದು ಇಂಚು ನೀರು ನಿಲ್ಲಿಸಿ, 24 ಗಂಟೆ ಕೆಳಗೆ ಕಣ್ಣಿಡಿ. ಈ ಪರೀಕ್ಷೆ ಆರ್‌ಸಿಸಿ ಮೋಲ್ಡಿಗೆ ಮಾತ್ರ. ಮರದ ತೊಲೆಯ ಹಳೆಯ ಮದ್ರಾಸ್ ತಾರಸಿಯ ಮೇಲೆ ಆ ಭಾರ ಹೇರಬೇಡಿ. ಚಾವಣಿಯಲ್ಲಿ ಕಬ್ಬಿಣದ ಸರಳು ತುಕ್ಕು ಹಿಡಿದು ಕಾಣುತ್ತಿದ್ದರೆ, ಕಾಂಕ್ರೀಟ್ ಚಕ್ಕೆ ಉದುರುತ್ತಿದ್ದರೆ ಈ ಲೇಖನ ಬದಿಗಿಟ್ಟು ಎಂಜಿನಿಯರ್ ಕರೆಸಿ. ಫ್ಯಾನ್, ಲೈಟಿನ ಬಳಿ ತೇವವಿದ್ದರೆ ಆ ಸಾಲಿನ ಎಂಸಿಬಿ ಇಳಿಸಿಡಿ.

ಹಾಲ್‌ನ ಕಲೆ? ಅದು ಕೊನೆಗೆ. ಕೆರೆದು, ಮಳೆಗಾಲದ ಎರಡು ದೊಡ್ಡ ಮಳೆ ನೋಡಿ, ಒಣಗಿದೆಯೆಂದು ಖಾತ್ರಿಯಾದ ಮೇಲೆ ಪುಟ್ಟಿ, ಬಣ್ಣ. ತಾರಸಿಯ ಹೂಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತರಿಸಿ ಇಡಿ, ಅಡಿಯಲ್ಲಿ ಪೊರಕೆ ಆಡುವಂತಿರಲಿ. ಮುಂದೆ ಯಾರಾದರೂ ಕೇಬಲ್ಲು, ಸೋಲಾರ್ ಅಂತ ಡ್ರಿಲ್ ಹಿಡಿದು ಮೆಟ್ಟಿಲು ಹತ್ತಿದರೆ ನೀವೂ ಹಿಂದೆಯೇ ಹತ್ತಿ, ನೆಲಕ್ಕೆ ಬೋಲ್ಟ್ ಹೊಡೆಯುವ ಮೊದಲು ಪ್ಯಾರಾಪೆಟ್ ಗೋಡೆಯನ್ನು ತೋರಿಸಿ.