ರಾಶಿಗೆ ಮುಂಚೆ ಗೋಡೆಗೆ ಅಂಟಿಸುವ ಚೀಟಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ತೊಗರಿ ಮನೆಗಳಿಗೆ. ದೀಪಾವಳಿಯೊಳಗೆ ಓದಿ, ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿ. ಕೊಯ್ಲು ಶುರುವಾದ ಮೇಲೆ ಓದಿ ಉಪಯೋಗವಿಲ್ಲ, ಓದಲು ಪುರಸತ್ತೂ ಇರುವುದಿಲ್ಲ.

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಎಲ್ಲವೂ ಒಂದೇ ಸಲ ಮೈಮೇಲೆ ಬೀಳುತ್ತದೆ. ತೊಗರಿ ಒಣಗಿ ನಿಂತಿರುತ್ತದೆ, ಹಾವಳಗಾ, ಭೂಸನೂರ ಕಡೆ ಕಬ್ಬಿನ ಗಾಡಿ ಸಾಲುಗಟ್ಟಿರುತ್ತವೆ, ಗಾಣಗಾಪುರದಲ್ಲಿ ದತ್ತ ಜಯಂತಿ, ಅದಾಗಿ ಹದಿನೈದೇ ದಿನಕ್ಕೆ ಎಳ್ಳ ಅಮಾವಾಸ್ಯೆ. ಆಳು ಯಾರು, ಮಷೀನು ಯಾರದು, ಚೀಲ ಎಷ್ಟು, ಮಾರುವುದೆಲ್ಲಿ? ಈ ನಾಲ್ಕನ್ನೂ ಕೊಯ್ಲಿನ ವಾರದಲ್ಲೇ ತೀರ್ಮಾನಿಸ ಹೊರಟ ಮನೆಯಲ್ಲಿ ಜಗಳ ಗ್ಯಾರಂಟಿ.

ಮಾಡಬೇಕಾದ್ದು

ಮೊಳೆಯಿಂದ ಕ್ಯಾಲೆಂಡರ್ ಇಳಿಸಿ ಮಡಿಲಲ್ಲಿಟ್ಟುಕೊಳ್ಳಿ. ಹೋದ ವರ್ಷದ ತಾರೀಖು ನಂಬಬೇಡಿ. 2025ರಲ್ಲಿ ಎಳ್ಳ ಅಮಾವಾಸ್ಯೆ ಡಿಸೆಂಬರ್‌ನಲ್ಲೇ ಆಗಿಹೋಯಿತು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಅದು ಜನವರಿಗೆ ಜಾರುತ್ತದೆ. ಹಬ್ಬ, ಜಾತ್ರೆ, ಮನೆಯ ಮದುವೆ ಮೊದಲು ಗುರುತು ಹಾಕಿ, ಉಳಿದ ದಿನಗಳಲ್ಲಿ ರಾಶಿ ಕೂಡಿಸಿ. ಎರಡು ದಿನ ಖಾಲಿ ಬಿಡಿ. ಅವು ಮೋಡಕ್ಕೆ.

ಮುಂದಿನ ಮುಂಗಾರಿನ ಮಾತನ್ನೂ ಈಗಲೇ ಹೇಳಿಬಿಡುತ್ತೇನೆ: ಹತ್ತು ಎಕರೆ ಇದ್ದವರು ಹತ್ತಕ್ಕೂ ಒಂದೇ ತಳಿ ಬಿತ್ತಬೇಡಿ. ಟಿಎಸ್-3ಆರ್ ಸುಮಾರು 150 ದಿನಕ್ಕೆ ಕೈಗೆ ಬಂದರೆ ಜಿಆರ್‌ಜಿ-811 ಇನ್ನಷ್ಟು ದಿನ ತೆಗೆದುಕೊಳ್ಳುತ್ತದೆ. ಆ ಚೂರು ಅಂತರದಲ್ಲಿ ಅದೇ ಆಳು, ಅದೇ ಮಷೀನು ಎರಡೂ ಹೊಲ ಮುಗಿಸುತ್ತಾರೆ.

ತಾಡಪತ್ರಿಯನ್ನು ಅಕ್ಟೋಬರ್ ಬಿಸಿಲಲ್ಲೇ ಬಿಚ್ಚಿ. ಇಬ್ಬರು ಎರಡು ತುದಿ ಹಿಡಿದು ತಲೆಯ ಮೇಲೆ ಎತ್ತಿ. ತೂತಿದ್ದರೆ ನೆಲದ ಮೇಲೆ ಬೆಳಕಿನ ಚುಕ್ಕೆ ಬೀಳುತ್ತದೆ. ಇದನ್ನು ನಾನು ಕಲಿತದ್ದು ತಡವಾಗಿ. ಒಂದು ಡಿಸೆಂಬರ್ ರಾತ್ರಿ ಜಿಟಿಜಿಟಿ ಹಿಡಿಯಿತು. ಅಟ್ಟದ ಮೇಲಿನ ತಾಡಪತ್ರಿ ಎಳೆದು ರಾಶಿಗೆ ಹೊದಿಸಿ ನೆಮ್ಮದಿಯಿಂದ ಮಲಗಿದೆವು. ಬೆಳಗ್ಗೆ ತೆಗೆದರೆ ಇಲಿ ಕಡಿದ ಮಡಿಕೆಗಳ ಕೆಳಗೆ ಅಂಗೈಯಗಲ ತೊಗರಿ ಉಬ್ಬಿ ಕೂತಿತ್ತು. ನಾಲ್ಕು ದಿನ ಹರವಿ ಒಣಗಿಸಿದೆವು. ಆದರೂ ಖರೀದಿಯವರ ಮಷೀನಿನಲ್ಲಿ ತೇವ 14 ತೋರಿಸಿ ಗಾಡಿ ವಾಪಸ್ ಬಂತು. ಬೆಂಬಲ ಬೆಲೆಯ ಖರೀದಿಗೆ ಶೇ 12 ದಾಟಬಾರದು. ಮೀಟರ್ ಇಲ್ಲದವರಿಗೆ ಹಲ್ಲಿದೆ: ಕಾಳು ಕಟ್ ಎಂದು ಒಡೆಯಬೇಕು. ಹಲ್ಲಿಗೆ ಅಂಟಿದರೆ ಇನ್ನೆರಡು ಬಿಸಿಲು ಕೊಡಿ.

ಕಾಗದಗಳನ್ನು ಒಂದೇ ಚೀಲಕ್ಕೆ ಹಾಕಿ: ಆಧಾರ್, ಪಾಸ್‌ಬುಕ್, ಫ್ರೂಟ್ಸ್ ಐಡಿ, ವಿಮೆಯ ರಸೀದಿ. ಬೆಳೆ ದರ್ಶಕ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ತೊಗರಿ ಎಂದೇ ಬರೆದಿದೆಯೇ ನೋಡಿ. ಹತ್ತಿ ಎಂದೋ ಹೆಸರು ಎಂದೋ ಬಿದ್ದಿದ್ದರೆ ಈಗಲೇ ಆಕ್ಷೇಪಣೆ ಹಾಕಿ. ನೋಂದಣಿಯ ಸಾಲಿನಲ್ಲಿ ನಿಂತಾಗ ಗೊತ್ತಾದರೆ ಅತ್ತು ಪ್ರಯೋಜನವಿಲ್ಲ. 2025-26ಕ್ಕೆ ಕೇಂದ್ರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಡತಿ ಅಂಗಡಿಯ ದರ ಕೇಳುವಾಗ ಆಯಾ ವರ್ಷದ ಈ ಅಂಕಿ ನಾಲಿಗೆಯ ಮೇಲಿರಲಿ.

ಭೀಮಾ ದಂಡೆಯವರು ಆ ಚೀಲವನ್ನು ಕೆಳಗಿನ ಪೆಟ್ಟಿಗೆಯಲ್ಲಿ ಇಡಬಾರದು. 2020ರ ಅಕ್ಟೋಬರ್‌ನ ಪ್ರವಾಹ ನೆನಪಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ.

ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ತೊಗರಿ ಅಕಾಲ ಮಳೆಗೆ ಸಿಕ್ಕರೆ 14 ದಿನದವರೆಗೆ ಫಸಲ್ ಬಿಮಾ ಅನ್ವಯಿಸುತ್ತದೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. ವಿಮೆಯವರ ನಂಬರನ್ನು ಮೊಬೈಲಿನಲ್ಲಿ ಇವತ್ತೇ ಸೇವ್ ಮಾಡಿ, ಮಳೆಯಲ್ಲಿ ನಿಂತು ಹುಡುಕಬೇಡಿ.

ಮಾಡಬಾರದ್ದು

ಒಬ್ಬನೇ ಮಷೀನಿನವನನ್ನು ನಂಬಿ ಕೂರಬಾರದು. "ನಾಳಿ ಬರ್ತೀನ್ರಿ" ಎಂಬ ಮಾತಿಗೆ ನಮ್ಮಲ್ಲಿ ತಾರೀಖಿಲ್ಲ. ಇನ್ನೊಬ್ಬನಿಗೂ ಹೇಳಿಡಿ, ಚೀಲಕ್ಕೆ ಎಷ್ಟು, ಡೀಸೆಲ್ ಯಾರದು ಎಂಬುದನ್ನು ಮೊದಲೇ ಮಾತಾಡಿ. ಮೊದಲನೆಯವ ಬಂದರೆ ಎರಡನೆಯವನಿಗೆ ಅಂದೇ ಫೋನ್ ಮಾಡಿ ಬೇಡವೆನ್ನಿ. ಸುಮ್ಮನಿದ್ದರೆ ಮುಂದಿನ ವರ್ಷ ಇಬ್ಬರೂ ಬರುವುದಿಲ್ಲ.

ನಡುಮಧ್ಯಾಹ್ನ ತೊಗರಿ ಕೊಯ್ಯಬೇಡಿ. ಬಿಸಿಲೇರಿದರೆ ಕುಡುಗೋಲು ತಾಗಿದ್ದಕ್ಕೇ ಕಾಯಿ ಸಿಡಿಯುತ್ತದೆ. ಇಬ್ಬನಿ ಇರುವಾಗ ಕೊಯ್ದು, ಸಿವುಡು ಕಟ್ಟಿ ನಿಲ್ಲಿಸಿ. ಹಾಗೆಂದರೆ ಹೆಣ್ಣಾಳುಗಳು ಐದಕ್ಕೆ ಎದ್ದು, ರೊಟ್ಟಿ ಬಡಿದು, ಆರೂವರೆಗೆ ಹೊಲದಲ್ಲಿರಬೇಕು. ಅವರನ್ನು ಸಂಜೆ ಆರರವರೆಗೆ ನಿಲ್ಲಿಸಿಕೊಳ್ಳಬೇಡಿ. ಪಗಾರದ ಮಾತು ಕೊಯ್ಲಿನ ದಿನ ಬೆಳಗ್ಗೆ ಬದುವಿನ ಮೇಲೆ ನಿಂತು ಆಡುವಂಥದ್ದಲ್ಲ.

ಎಲೆ ಬೇಗ ಉದುರಲೆಂದು ಕಳೆನಾಶಕ ಹೊಡೆಯುವ ಚಾಳಿ ಬಿಡಿ. ಅದು ನಾಳೆ ಬೇಳೆಯಾಗುವ ಕಾಳು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದು ಅದರ ರುಚಿಗೆ, ನಮ್ಮ ಅವಸರಕ್ಕಲ್ಲ.

ಮಷೀನಿನ ಬಾಯಿಗೆ ಸೆರಗು, ಟವೆಲ್, ಸಡಿಲ ತೋಳು ಹತ್ತಿರ ಬರಬಾರದು. ಕುಡಿದವನನ್ನು ಕಣಕ್ಕೆ ಸೇರಿಸಬಾರದು, ತಮ್ಮನಾದರೂ ಸರಿ. ಬಣವಿಯ ಪಕ್ಕ ಬೀಡಿ ಬೇಡ, ಬೈಕ್ ನಿಲ್ಲಿಸುವುದೂ ಬೇಡ. ಒಂದು ಡ್ರಮ್ ನೀರು ತುಂಬಿಟ್ಟಿರಿ.

ಶಾಲೆ ಬಿಡಿಸಿ ಹುಡುಗರನ್ನು ಹೊಲಕ್ಕೆ ಕರೆತರಬೇಡಿ. ಇದಕ್ಕೆ ಕಾರಣ ಕೇಳಬೇಡಿ.

ಇನ್ನು ಎಳ್ಳ ಅಮಾವಾಸ್ಯೆ. ಅದರ ಹಿಂದಿನ ದಿನ ರಾಶಿ ಇಟ್ಟುಕೊಳ್ಳಲೇಬೇಡಿ. ಗಂಡಸರಿಗೆ ಅಂದು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಹಬ್ಬ. ಅಡುಗೆಮನೆಗೆ ಅದು ಎರಡು ದಿನದ ದುಡಿಮೆ. ಭಜ್ಜಿಗೆ ಹಸಿ ತೊಗರಿ, ಹಸಿಕಡಲೆ, ಅವರೆ ಬಿಡಿಸಬೇಕು, ಸೊಪ್ಪು ಸೋಸಬೇಕು, ಸಜ್ಜೆಯ ಕಡುಬು ಕಟ್ಟಬೇಕು. ಕಾಳು ಬಿಡಿಸುವ ಕೆಲಸ ಮೀಸೆಯವರಿಗೂ ಬರುತ್ತದೆ. ಹಿಂದಿನ ಸಂಜೆ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಕೂರಿ. ಬೆಂಗಳೂರು, ಪುಣೆಯಿಂದ ಎಷ್ಟು ಜನ ಬರುತ್ತಾರೆಂದು ವಾರ ಮೊದಲೇ ಕೇಳಿ. ಬಂದವರು ಸೆಲ್ಫಿ ತೆಗೆದುಕೊಳ್ಳಲಿ, ತಕರಾರಿಲ್ಲ. ಆದರೆ ಒಂದೊಂದು ಬುಟ್ಟಿ ಹೊರಲಿ.

ರಾಶಿ ಮುಗಿದ ರಾತ್ರಿಯೇ ಲೆಕ್ಕಕ್ಕೆ ಕೂರಬಾರದು. ದಣಿದವರ ಕೂಡಿಸು-ಕಳೆ ತಪ್ಪುತ್ತದೆ, ಮಾತೂ ತಪ್ಪುತ್ತದೆ. ಎರಡು ದಿನ ಬಿಟ್ಟು ಮಾಡಿ. ಕಡ ತಂದ ತಾಡಪತ್ರಿ ಮಾತ್ರ ಅಂದೇ ಝಾಡಿಸಿ, ಮಡಿಚಿ, ಕೊಟ್ಟು ಬನ್ನಿ. ಅವರ ತೊಗರಿ ಇನ್ನೂ ಕಣದಲ್ಲಿರುತ್ತದೆ.