ಬೆಳಕಿನ ಚಿಕಿತ್ಸೆಗೆಂದು ಹೊಲ ಮಾರಬೇಡಿ

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 68 ವರ್ಷ. ಒಂದು ವರ್ಷದಿಂದ ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುತ್ತಿದ್ದರು. ವಯಸ್ಸಾಯಿತಲ್ಲ ಎಂದು ಸುಮ್ಮನಿದ್ದೆವು. ಈಗ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ 62 ಬಂದಿದೆ, ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಂದಿದೆ. ಸೊಂಟನೋವೂ ಇದೆ. ಬೆಳಕು ಹಾಯಿಸಿ ಕ್ಯಾನ್ಸರ್ ಕೋಶಗಳನ್ನಷ್ಟೇ ಕೊಲ್ಲುವ ಚಿಕಿತ್ಸೆಯ ವಿಡಿಯೊ ನೋಡಿದೆವು. ಅದಕ್ಕಾಗಿ ಎರಡು ಎಕರೆ ಎರಿ ಹೊಲ ಮಾರಲು ಅಣ್ಣ ತಯಾರಾಗಿದ್ದಾನೆ. ಹುಬ್ಬಳ್ಳಿಯಲ್ಲಿ ಸಿಗುತ್ತದೆಯೇ?
– ಹೆಸರು ಬೇಡ, ರಾಜೂರ, ಗಜೇಂದ್ರಗಡ ತಾಲ್ಲೂಕು

ಉತ್ತರ: ಮೊದಲು ಅಣ್ಣನಿಗೆ ಹೇಳಿ, ಹೊಲ ಮಾರುವುದು ಬೇಡ. ನೀವು ನೋಡಿದ ಚಿಕಿತ್ಸೆ ಸುಳ್ಳಲ್ಲ. ಆದರೆ ಪ್ರಾಸ್ಟೇಟ್ ಕ್ಯಾನ್ಸರಿಗೆ ಅದಿನ್ನೂ ಆಸ್ಪತ್ರೆಗೆ ಬಂದಿಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ.

ಕ್ಯಾನ್ಸರ್ ಕೋಶದ ಮೈಮೇಲಿನ ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಬೆಳಕು ಹೀರುವ ಬಣ್ಣವೊಂದನ್ನು ಜೋಡಿಸಿ ರಕ್ತಕ್ಕೆ ಬಿಡುತ್ತಾರೆ. ಸುಮಾರು ಒಂದು ದಿನದ ನಂತರ 690 ನ್ಯಾನೋಮೀಟರಿನ ಕಡುಗೆಂಪು ಬೆಳಕು ಹಾಯಿಸಿದರೆ, ಬಣ್ಣ ಅಂಟಿದ ಕೋಶದ ಪೊರೆ ಹರಿದು ಕೋಶ ಒಡೆಯುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಿಸಾಟಕ ಕೊಬಯಾಶಿ ಅವರ ತಂಡ 2011ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿತು. 2020ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟದ್ದು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ. ಪ್ರಾಸ್ಟೇಟಿನ ಮಟ್ಟಿಗೆ, ಪಿಎಸ್‌ಎಂಎ ಎಂಬ ಗುರುತನ್ನು ಹಿಡಿದು ಇಲಿಗಳಲ್ಲಿ ಪ್ರಯೋಗಗಳು ನಡೆದಿವೆ.

ತಲೆ, ಕುತ್ತಿಗೆಗೆ ಸಿಕ್ಕಿದ್ದು ಪ್ರಾಸ್ಟೇಟಿಗೆ ಯಾಕಿಲ್ಲ? ಇವತ್ತು ರಾತ್ರಿ ದೀಪ ಆರಿಸಿ, ಟಾರ್ಚಿನ ಮೇಲೆ ಅಂಗೈ ಒತ್ತಿ ನೋಡಿ. ಬೆರಳ ಸಂದುಗಳು ಕೆಂಪಗೆ ಹೊಳೆಯುತ್ತವೆ, ನಡುವಿನ ದಪ್ಪ ಭಾಗ ಮಬ್ಬು. ಮಾಂಸದೊಳಗೆ ಆಳಕ್ಕೆ ಹಾಯುವುದು ಹೆಚ್ಚಾಗಿ ಆ ಕೆಂಪೇ, ಅದೂ ಸುಮಾರು ಒಂದು ಸೆಂಟಿಮೀಟರ್. ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಕೆಳಗೆ, ಆಳದಲ್ಲಿ. ಅಲ್ಲಿಗೆ ಸೂಜಿಯ ಮೂಲಕ ಬೆಳಕಿನ ಎಳೆಗಳನ್ನು ತೂರಿಸಬೇಕು. ಯುರೋಪಿನಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಪ್ಯಾಡೆಲಿಪೋರ್ಫಿನ್ ಎಂಬ ಔಷಧದಲ್ಲಿ ಹೀಗೆಯೇ ಮಾಡುತ್ತಾರೆ. ಆದರೆ ಅದರಲ್ಲಿ ಪ್ರತಿಕಾಯವಿಲ್ಲ, ಮತ್ತು ಅದು ಗ್ರಂಥಿಯೊಳಗೇ ಇರುವ, ನಿಧಾನವಾದ ರೋಗಕ್ಕೆ ಮಾತ್ರ.

ನಿಮ್ಮ ತಂದೆಯ ಪಿಎಸ್‌ಎ 62, ಜತೆಗೆ ಸೊಂಟನೋವು. ನನ್ನ ಚಿಂತೆ ಇರುವುದು ಅಲ್ಲಿ. ರೋಗ ಎಲುಬಿಗೆ ಹೋಗಿದ್ದರೆ ಬೆಳಕು ಬಿದ್ದ ಜಾಗವಷ್ಟೇ ಗುಣವಾಗಿ ಏನು ಬಂತು? ಹಾಗಾಗಿ ಮೊದಲು ಬೋನ್ ಸ್ಕ್ಯಾನ್ ಅಥವಾ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಆಗಲಿ. ಹರಡಿದ್ದರೆ ಗಂಡಸಿನ ಹಾರ್ಮೋನು ತಗ್ಗಿಸುವುದು ಮುಖ್ಯ ಚಿಕಿತ್ಸೆ. ಇಂಜೆಕ್ಷನ್ನಿನಿಂದಲೂ ಆಗುತ್ತದೆ, ವೃಷಣ ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆಯಿಂದಲೂ ಆಗುತ್ತದೆ. ಎರಡನೆಯದು ಒಂದೇ ಸಲದ ಖರ್ಚು. ಹೇಳಲು ಮುಜುಗರವೆಂದು ಹಲವರು ಇದನ್ನು ಮನೆಯಲ್ಲಿ ಚರ್ಚಿಸುವುದೇ ಇಲ್ಲ. ದಯವಿಟ್ಟು ತಂದೆಯವರನ್ನೇ ಕೂರಿಸಿಕೊಂಡು ಮಾತಾಡಿ, ನಿರ್ಧಾರ ಅವರದು. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು ತೋರಿಸಿಕೊಟ್ಟ, ಹಾರ್ಮೋನು ತಗ್ಗಿಸುವ ಈ ದಾರಿಗೆ 1966ರಲ್ಲಿ ನೊಬೆಲ್ ಬಂತು, ಇಂದಿಗೂ ಅದೇ ಬುನಾದಿ. ಅದರ ಜತೆಗೆ ಬೇರೆ ಮಾತ್ರೆ, ಕಿಮೊ ಸೇರಿಸಬೇಕೇ ಎಂಬುದನ್ನು ಸ್ಕ್ಯಾನ್ ನೋಡಿ ತೀರ್ಮಾನಿಸುತ್ತಾರೆ. ಮುಂದೆ ಹಾರ್ಮೋನಿಗೆ ಬಗ್ಗದಿದ್ದರೆ, ಅದೇ ಪಿಎಸ್‌ಎಂಎ ಗುರುತು ಹಿಡಿದು ಹೋಗುವ ಲುಟೇಷಿಯಂ ಔಷಧ ನಮ್ಮ ದೇಶದಲ್ಲೇ ಇದೆ. ಅದು ಬೆಳಕಲ್ಲ, ವಿಕಿರಣ, ಎಲುಬಿನವರೆಗೂ ತಲುಪುತ್ತದೆ.

ಬಯಾಪ್ಸಿ ವರದಿ ಹಿಡಿದು ಗದಗ ಜಿಲ್ಲಾಸ್ಪತ್ರೆಗೆ ಹೋಗಿ ರೆಫರಲ್ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಹತ್ತಿರ, ಬೆಂಗಳೂರಿನ ಕಿದ್ವಾಯಿ ದೂರ. ತಂದೆಗೆ ಈ ರೋಗ ಬಂದಿರುವುದರಿಂದ ಮನೆಯ ಗಂಡುಮಕ್ಕಳು 45 ದಾಟಿದ ಮೇಲೆ ಪಿಎಸ್‌ಎ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಒಂದು ಮಾತು ಮನೆಯವರೆಲ್ಲರಿಗೂ ತಿಳಿದಿರಲಿ. ತಂದೆಯವರ ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.